ಬದುಕಿರುವಾಗಲೇ ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡಬೇಕೇ? ಪರ – ವಿರೋಧ

ಅರವತ್ತು ದಾಟಿದ ಮೇಲೆ ಹೆಚ್ಚಿನ ಅಪ್ಪ ಅಮ್ಮಂದಿರನ್ನು ಕಾಡುವ ಪ್ರಶ್ನೆ ಇದು. ಮನೆ, ಸೈಟು, ಜಮೀನನ್ನು ಈಗಲೇ ದಾನಪತ್ರ ಮಾಡಿ ಮಕ್ಕಳಿಗೆ ಕೊಟ್ಟುಬಿಡುವುದೇ? ಅಥವಾ ಉಯಿಲು ಬರೆದಿಟ್ಟು ಕೊನೆಯವರೆಗೂ ತಮ್ಮ ಹೆಸರಲ್ಲೇ ಉಳಿಸಿಕೊಳ್ಳುವುದೇ? ನನ್ನ ಒಲವು ಎರಡನೆಯದರ ಕಡೆಗಿದೆ. ಆದರೂ ಮೊದಲನೆಯದರ ಹಿಂದೆ ಇರುವ ಕಾರಣಗಳು ಸಣ್ಣವಲ್ಲ, ಅವನ್ನು ಮೊದಲು ಕೇಳಬೇಕು.

ಪರ: ಕೊಡುವುದನ್ನು ಕೈಯಾರೆ ಕೊಡಿ

ಹಳ್ಳಿಯ ಪಹಣಿಗಳನ್ನು ತೆಗೆದು ನೋಡಿ. ಎಷ್ಟೋ ಕಡೆ ತೀರಿಹೋದ ತಾತನ ಹೆಸರೇ ಇನ್ನೂ ಇದೆ. ಉಳುತ್ತಿರುವವನು ಮೊಮ್ಮಗ. ಬೆಳೆ ಸಾಲಕ್ಕೆ ಹೋದರೂ ಪರಿಹಾರಕ್ಕೆ ಅರ್ಜಿ ಹಾಕಿದರೂ ‘ಮೊದಲು ಪೌತಿ ಖಾತೆ ಮಾಡಿಸಿಕೊಂಡು ಬನ್ನಿ’ ಎನ್ನುತ್ತಾರೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಅಷ್ಟರಲ್ಲಿ ತಾತನ ಮಕ್ಕಳಲ್ಲೇ ಕೆಲವರು ಇರುವುದಿಲ್ಲ, ಅವರ ಮಕ್ಕಳು ಒಬ್ಬೊಬ್ಬರು ಒಂದೊಂದು ಊರಲ್ಲಿ. ಯಜಮಾನ ಕಣ್ಣೆದುರಿಗೆ ಇದ್ದಾಗಲೇ ಯಾರಿಗೆ ಏನು ಎಂದು ಬರೆದುಕೊಟ್ಟಿದ್ದರೆ ಈ ಅಲೆದಾಟ ಇರುತ್ತಿರಲಿಲ್ಲ.

ಉಯಿಲು ಇದೆಯಲ್ಲ ಎನ್ನಬಹುದು. ಆದರೆ ಉಯಿಲಿನ ಮೇಲೆ ತಕರಾರು ಎದ್ದಾಗ ಅದನ್ನು ಬರೆದವರು ಬಂದು ಮಾತಾಡಲಾರರು. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ಹೌದು, ಅವರು ಸಹಿ ಹಾಕಿದ್ದನ್ನು ನೋಡಿದೆ’ ಎನ್ನಬೇಕು. ಇಬ್ಬರೂ ತೀರಿಕೊಂಡಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕು. 1959ರಷ್ಟು ಹಿಂದೆಯೇ, ಮೈಸೂರು ಸೀಮೆಯಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ಉಯಿಲಿನಿಂದ ಲಾಭ ಪಡೆಯುವವರೇ ಮುಂದೆ ನಿಂತು ಅದನ್ನು ಬರೆಸಿದ್ದರೆ, ಆ ಅನುಮಾನವನ್ನು ಕಳೆಯುವ ಹೊಣೆ ಅವರದೇ. ದಾನಪತ್ರ ಹಾಗಲ್ಲ. ಕೊಡುವವರು ಸಬ್ ರಿಜಿಸ್ಟ್ರಾರ್ ಎದುರು ಸ್ವತಃ ಕುಳಿತು ಸಹಿ, ಹೆಬ್ಬೆಟ್ಟು ಹಾಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಉತ್ತರ ಕೊಡಲು ಅವರೇ ಇರುತ್ತಾರೆ. ಕರ್ನಾಟಕದಲ್ಲಿ ಹೆತ್ತವರು ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಕ್ರಯಪತ್ರದಷ್ಟು ಭಾರವಲ್ಲ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಹೆಣ್ಣುಮಕ್ಕಳು. ಉಯಿಲು ಬರೆಯದೆ ಹೋದ ಹಿಂದೂ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆ ವರ್ಷ ತಂದೆ ಬದುಕಿರಲೇಬೇಕೆಂದಿಲ್ಲ ಎಂಬುದನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಮನೆಯಲ್ಲಿ ಆಗುವುದೇ ಬೇರೆ, ಅಲ್ವಾ? ಅಪ್ಪನ ತಿಥಿ ಮುಗಿಯುವಷ್ಟರಲ್ಲಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ. ‘ಇಲ್ಲೊಂದು ಸೈನ್ ಹಾಕಮ್ಮ, ತವರು ಬೇಕಲ್ವಾ ನಿನಗೆ’ ಎನ್ನುತ್ತಾರೆ. ಅವಳು ಹಾಕುತ್ತಾಳೆ. ಅಪ್ಪನೇ ಬದುಕಿದ್ದಾಗ ತನ್ನ ಕೈಯಿಂದ ಅವಳ ಪಾಲನ್ನು ಕೊಟ್ಟಿದ್ದರೆ, ಅಣ್ಣನ ಎದುರು ಅವಳು ಹೀಗೆ ಕೂರಬೇಕಿರಲಿಲ್ಲ.

ಮುಸ್ಲಿಂ ಕುಟುಂಬಗಳಲ್ಲಿ ಈ ವಾದಕ್ಕೆ ಇನ್ನೂ ಜಾಸ್ತಿ ಬಲ. ಅಲ್ಲಿ ವಾರಸಿನಲ್ಲಿ ಮಗಳಿಗೆ ಸಿಗುವುದು ಮಗನ ಪಾಲಿನ ಅರ್ಧ. ವಾರಸುದಾರರು ಒಪ್ಪದ ಹೊರತು ವಸಿಯತ್, ಅಂದರೆ ಉಯಿಲು, ಆಸ್ತಿಯ ಮೂರನೇ ಒಂದು ಭಾಗ ದಾಟುವಂತಿಲ್ಲ. ಮಗಳಿಗೂ ಮಗನಷ್ಟೇ ಕೊಡಬೇಕು ಎಂದುಕೊಂಡ ತಂದೆಗೆ ಇರುವ ನೇರ ದಾರಿ, ಬದುಕಿದ್ದಾಗಲೇ ಹಿಬಾ, ಅಂದರೆ ದಾನ, ಮಾಡಿ ಸ್ವಾಧೀನ ಬಿಟ್ಟುಕೊಡುವುದು.

ಹೆತ್ತವರು ಬೀದಿಗೆ ಬೀಳುತ್ತಾರೆ ಎಂಬ ಭಯಕ್ಕೂ ದಾರಿ ಇದೆ. ಜೀವ ಇರುವವರೆಗೆ ಮನೆಯಲ್ಲಿ ವಾಸಿಸುವ, ಬಾಡಿಗೆ ತೆಗೆದುಕೊಳ್ಳುವ ಹಕ್ಕನ್ನು ಉಳಿಸಿಕೊಂಡೇ ದಾನ ಮಾಡಬಹುದು. ಅಂಥ ದಾನಪತ್ರ ಊರ್ಜಿತ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿರೋಧ: ಇರುವ ತನಕ ನಿಮ್ಮ ಹೆಸರಲ್ಲೇ ಇರಲಿ

ದಾನಪತ್ರ ನೋಂದಣಿಯಾದ ಮೇಲೆ ಮನಸ್ಸು ಬದಲಾಯಿತು ಎಂದರೆ ಯಾರೂ ಕೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ದಾನ ರದ್ದು ಮಾಡಲು ಇರುವ ಕಾರಣಗಳು ಬಹಳ ಕಡಿಮೆ: ಮೋಸ, ಬಲವಂತದಂಥವು, ಇಲ್ಲವೇ ಇಬ್ಬರೂ ಮೊದಲೇ ಒಪ್ಪಿಕೊಂಡ ಷರತ್ತು. ‘ಮಗ ಈಗ ಮಾತಾಡಿಸುತ್ತಿಲ್ಲ’ ಎನ್ನುವುದು ಆ ಕಾರಣಗಳಲ್ಲಿ ಸೇರುವುದಿಲ್ಲ. ಉಯಿಲನ್ನು ಬೇಕಾದಷ್ಟು ಸಲ ಬದಲಿಸಬಹುದು, ಕೊನೆಯದೇ ನಿಲ್ಲುತ್ತದೆ. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ.

ಹಿರಿಯ ನಾಗರಿಕರಿಗೆ 2007ರ ಕಾಯ್ದೆಯ ರಕ್ಷಣೆ ಇದೆ ಎಂಬ ಧೈರ್ಯದಲ್ಲಿ ಎಷ್ಟೋ ಜನ ಸಹಿ ಹಾಕುತ್ತಾರೆ. ಆ ಕಾಯ್ದೆಯ 23ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ. ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತ ಎಂದು ಘೋಷಿಸಬಹುದು. ಇಲ್ಲಿ ಷರತ್ತೇ ಮುಖ್ಯ. ನಮ್ಮ ದಾನಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂಬ ಸಾಲು ಮಾತ್ರ. ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು, ಹಿರಿಯರಿಗೆ ಅನುಕೂಲವಾಗುವ ಹಾಗೆ ಈ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿತು. ಒಳ್ಳೆಯದೇ. ಆದರೆ ಆ ಪ್ರಕರಣದಲ್ಲೂ ತಾಯಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು.

ಕಾನೂನು ನಮ್ಮ ಕಡೆ ಇದೆ ಎಂದೇ ಇಟ್ಟುಕೊಳ್ಳೋಣ. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಯ, ಅಂದರೆ ಎಸಿ ಅವರ ಮುಂದೆ. ಎಪ್ಪತ್ತೈದರ ತಾಯಿ ಎಸಿ ಕಚೇರಿಯ ಬೆಂಚಿನ ಮೇಲೆ ಕುಳಿತು ಹೆತ್ತ ಮಗನ ಮೇಲೆ ದೂರು ಹೇಳಬೇಕು. ಎಷ್ಟು ತಾಯಂದಿರು ಹೇಳುತ್ತಾರೆ? ‘ಹೋಗಲಿ ಬಿಡು, ನಾಲ್ಕು ಜನ ಏನಂದಾರು’ ಎಂದು ಸುಮ್ಮನಾಗುತ್ತಾರೆ. ಮನೆ ಆಕೆಯ ಹೆಸರಲ್ಲೇ ಇದ್ದರೆ ದೂರು ಕೊಡುವ ಪ್ರಸಂಗವೇ ಅಪರೂಪ.

ಮಕ್ಕಳೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಮಗ ಚಿನ್ನದಂಥವನೇ ಇರಬಹುದು. ಆದರೆ ಅವನು ಅಪ್ಪನಿಗಿಂತ ಮೊದಲೇ ತೀರಿಕೊಂಡರೆ? ದಾನವಾಗಿ ಬಂದ ಮನೆ ಈಗ ಅವನ ಸ್ವಂತ ಆಸ್ತಿ. ಹಿಂದೂ ಕುಟುಂಬದಲ್ಲಿ ಅವನು ಉಯಿಲು ಬರೆದಿರದಿದ್ದರೆ ಅದು ಅವನ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಹೋಗುತ್ತದೆ. ತಂದೆ ಆ ಮೊದಲ ವರ್ಗದ ವಾರಸುದಾರರಲ್ಲಿ ಇಲ್ಲ. ಜೀವಮಾನದ ದುಡಿಮೆಯಲ್ಲಿ ಕಟ್ಟಿದ ಮನೆಯಲ್ಲಿ ಆ ತಂದೆಗೆ ಒಂದು ಪೈಸೆಯ ಹಕ್ಕೂ ಉಳಿಯುವುದಿಲ್ಲ. ಜೀವನಪರ್ಯಂತ ವಾಸದ ಹಕ್ಕನ್ನು ಬರೆಸಿಕೊಂಡಿದ್ದರೆ ಅಷ್ಟು ಮಾತ್ರ ಉಳಿದೀತು. ಅದನ್ನು ಬರೆಸುವವರು ಎಷ್ಟು ಜನ?

ಪಿತ್ರಾರ್ಜಿತ ಆಸ್ತಿಯಲ್ಲಂತೂ ದಾನಪತ್ರ ಜಗಳದ ಬೀಜ. ಪಾಲಾಗದ ಒಟ್ಟು ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ದಾನ ಮಾಡುವಂತಿಲ್ಲ ಎಂದು 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಪಾಲನ್ನು ಉಯಿಲಿನಲ್ಲಿ ಬರೆಯಬಹುದು, ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ತಾತನಿಂದ ಬಂದದ್ದು ಯಾವುದು, ಸ್ವಂತ ಸಂಪಾದನೆ ಯಾವುದು ಎಂದು ನೋಡದೆ ಎಲ್ಲವನ್ನೂ ಒಂದೇ ದಾನಪತ್ರದಲ್ಲಿ ಸೇರಿಸಿದರೆ ಮುಂದೆ ಸಿವಿಲ್ ದಾವೆ ಖಚಿತ.

ಹೆಣ್ಣುಮಕ್ಕಳ ಮಾತು ನನ್ನನ್ನು ಅಲುಗಿಸುತ್ತದೆ, ಒಪ್ಪುತ್ತೇನೆ. ಆದರೆ ಆತುರದ ದಾನಪತ್ರಗಳು ಹೆಚ್ಚಾಗಿ ಯಾರ ಹೆಸರಿಗೆ ಆಗುತ್ತವೆ ಎಂದು ಸುತ್ತಮುತ್ತ ನೋಡಿ. ಮಗಳಿಗೆ ಗೊತ್ತಾಗುವ ಮೊದಲೇ ಮಗನ ಹೆಸರಿಗೆ ಆಗಿರುತ್ತದೆ. ತಂದೆ ಏನೂ ಬರೆಯದೆ ಹೋಗಿದ್ದರೂ ಅವಳಿಗೆ ಸಿಗುತ್ತಿದ್ದ ಸಮಪಾಲು ಆ ಒಂದು ಸಹಿಯಲ್ಲಿ ಕೈತಪ್ಪುತ್ತದೆ. ಮಗಳಿಗೆ ಕೊಡುವ ಮನಸ್ಸಿರುವ ತಂದೆ ಉಯಿಲಿನಲ್ಲಿ ಅವಳ ಹೆಸರನ್ನೂ ಪಾಲನ್ನೂ ಸ್ಪಷ್ಟವಾಗಿ ಬರೆದು ನೋಂದಣಿ ಮಾಡಿಸಿದರೆ, ಅಣ್ಣನ ಎದುರು ಅವಳ ಕೈಯಲ್ಲೂ ಒಂದು ಕಾಗದ ಇರುತ್ತದೆ.

ಉಯಿಲಿಗೆ ಸಾಕ್ಷಿಗಳ ತೊಡಕು ಇರುವುದು ನಿಜ. ಅದನ್ನು ಕಡಿಮೆ ಮಾಡುವುದು ಕಷ್ಟವಲ್ಲ. ನಿಮಗಿಂತ ಚಿಕ್ಕ ವಯಸ್ಸಿನ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಸಾಕ್ಷಿಗೆ ಕರೆಯಿರಿ. ಪಾಲು ಪಡೆಯುವ ಮಗ ಅವತ್ತು ಕಾರು ಓಡಿಸಿಕೊಂಡು ಬರುವುದೂ ಬೇಡ. ವಯಸ್ಸು ಜಾಸ್ತಿಯಾಗಿದ್ದರೆ, ಮನಸ್ಸು ಸ್ವಸ್ಥವಾಗಿದೆ ಎಂದು ಅದೇ ದಿನ ವೈದ್ಯರಿಂದ ಬರೆಸಿಕೊಳ್ಳಿ. ಒಬ್ಬ ಮಗುವಿಗೆ ಕಡಿಮೆ ಕೊಡುತ್ತಿದ್ದರೆ ಏಕೆ ಎಂಬ ಕಾರಣವನ್ನೂ ಬರೆಯಿರಿ.

ಮಕ್ಕಳಿಗೆ ಮೂವತ್ತರಲ್ಲಿ ಬೇಕಾದದ್ದು ಅರವತ್ತರಲ್ಲಿ ಸಿಕ್ಕರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಎರಡು ಸೈಟು ಇದ್ದರೆ ಒಂದನ್ನು ಕೊಡಿ. ಬ್ಯಾಂಕಿನಲ್ಲಿ ಹಣ ಇದ್ದರೆ ಅದರಲ್ಲಿ ಸಹಾಯ ಮಾಡಿ. ನೀವು ಮಲಗುವ ಮನೆ ಒಂದೇ ಇದ್ದರೆ ಅದನ್ನು ಮಾತ್ರ ನಿಮ್ಮಿಬ್ಬರಲ್ಲಿ ಕೊನೆಯವರು ಇರುವ ತನಕ ಯಾರ ಹೆಸರಿಗೂ ಮಾಡಬೇಡಿ.