ಗಡ್ಡೆ, ಗದ್ದೆ ಮತ್ತು ಅಳಿಯನ ಬ್ಯಾಗು

ಅಕ್ಕನ ಮಗ ಬೆಂಗಳೂರಿನಿಂದ ಗಂಗಾವತಿಗೆ ಬಂದಿಳಿದಾಗ ಅವನಿಗಿಂತ ಮೊದಲು ಕಾಣಿಸಿದ್ದು ಅವನ ಬ್ಯಾಗು. 25 ಕೆಜಿ ಸೋನಾ ಮಸೂರಿ ಪಾಕೀಟಿನಷ್ಟು ದೊಡ್ಡದು. ಹೋದ ವರ್ಷ ಅದನ್ನೇ ಹೊತ್ತುಕೊಂಡು ಅಂಡಮಾನಿನ ಹ್ಯಾವ್‌ಲಾಕ್ ಸುತ್ತಿ ಬಂದಿದ್ದನಂತೆ. ಆ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು, ಆದರೆ ಇವನ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. "ಮಾಮಾ, ನಿಮ್ಮಲ್ಲೂ ಐಲ್ಯಾಂಡ್ ಇದೆಯಂತಲ್ಲ, ಕರ್ಕೊಂಡು ಹೋಗ್ತೀರಾ?" ಅಂದ.

ಒಳಗೊಳಗೇ ನಾಚಿಕೆ ಆಯಿತು. ಹಂಪಿ ಎದುರು ತುಂಗಭದ್ರೆಯಲ್ಲಿರುವ ನಡುಗಡ್ಡೆ ವಿರೂಪಾಪುರ ಗಡ್ಡೆ ನಮ್ಮ ಮನೆಯಿಂದ ಬೈಕಲ್ಲಿ ಮುಕ್ಕಾಲು ತಾಸಿನ ದಾರಿ. ನಲವತ್ತು ದಾಟಿದರೂ ಒಂದು ಸಲವೂ ಅದನ್ನು ನಡೆದು ನೋಡಿಲ್ಲ. ಕಾರಣ ಇದೆ. ನಮ್ಮ ಕಾಲೇಜು ದಿನಗಳಲ್ಲಿ "ಗಡ್ಡಿಗೆ ಹೋಗಿದ್ದೆ" ಅಂದರೆ ಸಾಕು, ಮನೆಯಲ್ಲಿ ಬಾಯಿ ಮೂಸಿ ನೋಡುತ್ತಿದ್ದರು. ಅದು ಫಾರಿನ್ನರ ಜಾಗ, ನಮ್ಮಂಥವರಿಗೆ ಅಲ್ಲ ಅಂತ ನಾವೇ ತೀರ್ಮಾನಿಸಿ ಬಿಟ್ಟಿದ್ದೆವು.

ಫೆಬ್ರುವರಿ ತಿಂಗಳು. ಬೆಳಿಗ್ಗೆ ಆನೆಗುಂದಿಯಲ್ಲಿ ಬೈಕ್ ನಿಲ್ಲಿಸಿ, ಒಗ್ಗರಣಿ ಮಿರ್ಚಿ ತಿಂದು, ಬೋಟ್ ಹತ್ತಿ ನವವೃಂದಾವನಕ್ಕೆ ಹೋದೆವು. ಅದೂ ಒಂದು ನಡುಗಡ್ಡೆಯೇ. ಒಂಬತ್ತು ಯತಿಗಳ ವೃಂದಾವನ, ಸುತ್ತ ಹೊಳೆ, ಬಂಡೆ, ಬಿಟ್ಟರೆ ಗಾಳಿ ಸದ್ದು. 2019ರ ಜುಲೈನಲ್ಲಿ ನಿಧಿ ಆಸೆಗೆ ವ್ಯಾಸರಾಜರ ವೃಂದಾವನವನ್ನೇ ರಾತ್ರೋರಾತ್ರಿ ಒಡೆದು ಹಾಕಿದ್ದರು. ಕೆಲವೇ ದಿನಗಳಲ್ಲಿ ಜನ ಸೇರಿ ಮತ್ತೆ ಕಟ್ಟಿದರು. ಅಳಿಯ ಅಂಗಿ ಬಿಚ್ಚಿ, ಬ್ಯಾಗ್ ಹೊರಗಿಟ್ಟು, ಸುಮ್ನೆ ಒಂದು ಸುತ್ತು ಬಂದ. ಅವನು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲು.

ಬೋಟಲ್ಲಿ ದಡಕ್ಕೆ ಮರಳಿ, ಅಲ್ಲಿಂದ ನಡಿಗೆ. ಬಾಳೆ ತೋಟ, ಭತ್ತದ ಗದ್ದೆ, ಮತ್ತೆ ಬಾಳೆ ತೋಟ. ಹನುಮನಹಳ್ಳಿ ಹತ್ತಿರ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡ ಹುಡುಗರು ಸಿಕ್ಕರು. ಬಂಡೆ ಹತ್ತುವಾಗ ಬಿದ್ದರೆ ಪೆಟ್ಟಾಗದಿರಲಿ ಅಂತ ಕೆಳಗೆ ಹಾಸುವ ಹಾಸಿಗೆ ಅದು. ಚಿಕ್ಕವರಿದ್ದಾಗ ಅವರನ್ನು ನೋಡಿ "ಮಲಗಾಕ ಗುಡ್ಡ ಹತ್ತಾರ ನೋಡಲೇ" ಅಂತ ನಗುತ್ತಿದ್ದೆವು. ಆ ಬಂಡೆಗಳನ್ನು ದಿನಾ ನೋಡುವ ನಮಗೆ ಅವು ಕಲ್ಲು ಮಾತ್ರ ಆಗಿದ್ದವು.

ಗಡ್ಡೆ ಮುಟ್ಟುವಾಗ ಮಧ್ಯಾಹ್ನ ಆಗಿತ್ತು. "ಇದೇನು ಮಾಮಾ, ಗದ್ದೆ ತೋರಿಸ್ತಾ ಇದ್ದೀರಿ, ಗಡ್ಡೆ ಎಲ್ಲಿ?" ಅಂದ ಅಳಿಯ. ಇಂಗ್ಲಿಷ್ ಮ್ಯಾಪಿನಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗ್, ಪಾಪ. ನಿಜ ಹೇಳಬೇಕೆಂದರೆ ವಿರೂಪಾಪುರ ಗಡ್ಡೆ ಅಂದರೆ ಗದ್ದೆಯೇ. ಅಂಡಮಾನಿನ ಹಾಗೆ ಬಿಳಿ ಮರಳು, ನೀಲಿ ಸಮುದ್ರ ಇಲ್ಲ. ತುಂಗಭದ್ರೆ ಎರಡು ಕಡೆ ಹರಿದು ನಡುವೆ ಬಿಟ್ಟ ಜಾಗ, ಅದರ ತುಂಬ ಭತ್ತ, ಸುತ್ತ ಗುಂಡುಕಲ್ಲು. ಆಚೆ ದಡದಲ್ಲಿ ವಿರೂಪಾಕ್ಷ ಗುಡಿಯ ಗೋಪುರ.

ಹಿಂದೆ ಇಲ್ಲಿ ಸಾಲು ಸಾಲು ಹೋಟೆಲ್ ಇದ್ದವು. ಪರವಾನಗಿ ಇಲ್ಲದ ಕಟ್ಟಡ ಕೆಡವಬೇಕು ಅಂತ 2015ರಲ್ಲಿ ಹೈಕೋರ್ಟ್ ಹೇಳಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಕೆಡವಿದ್ದು ತಪ್ಪು ಅಂತ ನಾನು ಅನ್ನಲಾರೆ. 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಜಾಗದಲ್ಲಿ ಯಾರು ಬೇಕಾದರೂ ಶೆಡ್ ಹಾಕಿಕೊಂಡರೆ ಹೇಗೆ? ಆದರೆ ಕೆಡವಿದ ಮೇಲೆ ಏನು ಅನ್ನುವುದನ್ನು ಯಾರೂ ಯೋಚಿಸಿದಂತಿಲ್ಲ. ಹೋಟೆಲುಗಳು ಸಣಾಪುರದ ಕಡೆ ಸರಿದವು. ಗಡ್ಡೆಯಲ್ಲಿ ಒಂದು ಕಾಲುದಾರಿ ಇಲ್ಲ, "ಹೊಳೆ ಈ ಕಡೆ" ಅನ್ನುವ ಬೋರ್ಡ್ ಇಲ್ಲ. ಜಾಗ ಉಳಿಸಬೇಕು ಅಂದರೆ ಜನ ಅದರಲ್ಲಿ ನಡೆದಾಡಬೇಕು ಅಲ್ವಾ?

ಹೊಳೆ ದಂಡೆಯಲ್ಲಿ ಒಬ್ಬ ಮೀನು ಹಿಡಿಯುವವ ಪುಟ್ಟಿ, ಅಂದರೆ ಹರಿಗೋಲು, ಹಾಕಿದ್ದ. ಅಳಿಯ ಬಿಡಲಿಲ್ಲ, ಹತ್ತಿದೆವು. ಬಿದಿರು ಹೆಣೆದ ಬುಟ್ಟಿ, ಹೊರಗೆ ಪ್ಲಾಸ್ಟಿಕ್, ಅದರ ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇದನ್ನೇ ಬರೆದಿದ್ದಾನೆ: ಬುಟ್ಟಿಯಂಥ ದೋಣಿ, ಹೊರಗೆ ಚರ್ಮ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. ಐನೂರು ವರ್ಷದಲ್ಲಿ ಚರ್ಮ ಹೋಗಿ ಡಾಂಬರು ಬಂದಿದೆ, ತಿರುಗುವುದು ಹಾಗೇ ಇದೆ. ನಡು ಹೊಳೆಯಲ್ಲಿ ಗಾಳಿ ಎದ್ದಿತು. ಪುಟ್ಟಿ ಗಿರಗಿರ ಅನ್ನತೊಡಗಿತು. ಅಳಿಯ ಫೋಟೋಕ್ಕೆ ಅಂತ ಎದ್ದು ನಿಂತ.

"ಏ ತಮ್ಮಾ, ಕುಂದ್ರಪಾ! ಪುಟ್ಟಿ ಮಗುಚಿದ್ರ ನಿನ್ನ ಚೀಲ ಮೊದಲು ಮುಳುಗತೈತಿ!" ಅಂದ ಪುಟ್ಟಿಯವ.

ಚೀಲದ ಮಾತಿಗೇ ಕುಳಿತ, ಜೀವದ ಮಾತಿಗಲ್ಲ. ನಮ್ಮಿಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಅದು ನನ್ನದೇ ತಪ್ಪು, ಹಿರಿಯ ನಾನು. ಈ ಹೊಳೆಯ ನೀರು ಮೇಲೆ ಟಿಬಿ (ತುಂಗಭದ್ರಾ) ಡ್ಯಾಮಿನ 33 ಗೇಟುಗಳ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಹೊಳೆಗೆ ನೀರು ನುಗ್ಗಿದಾಗ ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಆಚೆ ದಡದ ಪುರಂದರ ಮಂಟಪ ಮುಳುಗಿತು ಅಂದರೆ ಬೋಟೂ ಇಲ್ಲ, ಪುಟ್ಟಿಯೂ ಇಲ್ಲ. ಬೇಸಿಗೆಯಲ್ಲೂ ಬಂಡೆ ಸಂದಿಯ ಸುಳಿ ಮೇಲಿಂದ ಕಾಣುವುದಿಲ್ಲ. ರೀಲ್ಸ್‌ಗಾಗಿ ಬಂಡೆ ಮೇಲಿಂದ ಹಾರುವವರೇ, ದಯವಿಟ್ಟು ಬೇಡ. ಅಧಿಕಾರಿಗಳೇ, ಪುಟ್ಟಿಯವರಿಗೆ ಲೈಸೆನ್ಸ್ ಕೊಡಿ, ಜಾಕೆಟ್ ಕಡ್ಡಾಯ ಮಾಡಿ. ಅವರನ್ನು ಅಲ್ಲಿಂದ ಓಡಿಸಿಬಿಟ್ಟರೆ ಕದ್ದು ಪುಟ್ಟಿ ಹಾಕುತ್ತಾರೆ, ನಮ್ಮಂಥವರು ಕದ್ದು ಹತ್ತುತ್ತೇವೆ.

ಸೂರ್ಯ ಮುಳುಗುವುದನ್ನು ಬಂಡೆ ಮೇಲೆ ಕೂತು ನೋಡಿದೆವು. ಚಂದ ಇತ್ತು, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ಇಳಿಯುವಾಗ ದಾರಿ ತಪ್ಪಿತು. ಎಲ್ಲ ಬಂಡೆಯೂ ಒಂದೇ ಥರ. ಅಳಿಯನ ಮೊಬೈಲ್ ಸತ್ತಿತ್ತು, ನನ್ನದರಲ್ಲಿ ಎಂಟು ಪರ್ಸೆಂಟ್. ಗುಡ್ಡದಲ್ಲಿ ಚಿರತೆ, ಕರಡಿ ಇರೋದು ನನಗೆ ಗೊತ್ತು. ಅವನಿಗೆ ಹೇಳಲಿಲ್ಲ. ಗದ್ದೆ ಬದುವಿನ ಮೇಲೆ ನಡೆಯತೊಡಗಿದೆವು. ಹೊಸದಾಗಿ ನಾಟಿ ಮಾಡಿದ ಗದ್ದೆ, ನೀರು ತುಂಬಿದೆ, ಬದು ಒಂದೇ ಹೆಜ್ಜೆ ಅಗಲ. ನಾಲ್ಕನೇ ತಿರುವಿನಲ್ಲಿ ಧೊಪ್ ಅಂತ ಸದ್ದು. ತಿರುಗಿ ನೋಡಿದರೆ ಅಳಿಯ ಮೊಣಕಾಲ ತನಕ ಕೆಸರಿನಲ್ಲಿ, ಬ್ಯಾಗು ಸೊಂಟದ ತನಕ.

ಆಗ ಆ ಕಡೆಯಿಂದ ಒಂದು ಬ್ಯಾಟರಿ ಬೆಳಕು ಬಂತು. ನೀರು ತಿರುವಲು ಬಂದಿದ್ದ ರೈತ, ಹೆಗಲ ಮೇಲೆ ಸಲಿಕೆ. ಮೊದಲು ಮುರಿದ ಸಸಿ ನೋಡಿದ, ಆಮೇಲೆ ನಮ್ಮನ್ನು.

"ಎಲ್ಲಿಗ್ ಹೊಂಟಿದ್ರಿ?"

"ಆನೆಗುಂದಿಗೆ ರೀ."

"ಹಂಗಾರ ಹೊಳಿ ಕಡೆ ಯಾಕ ಹೊಂಟೀರಿ?"

ರಸ್ತೆ ತನಕ ಬಂದು ಬಿಟ್ಟ. ದುಡ್ಡು ಕೊಡಲು ಹೋದರೆ ಬೇಡ ಅಂದ, ಸಸಿಯದ್ದಾದರೂ ತಗೊಳ್ಳಿ ಅಂದರೆ ನಕ್ಕ. ಗಡ್ಡೆಯಲ್ಲಿ ಪ್ರವಾಸೋದ್ಯಮ ಮಾಡಬೇಕು ಅನ್ನುವವರು ಮೊದಲು ಇಂಥವರನ್ನು ಕೂರಿಸಿ ಕೇಳಲಿ. ಇವರ ಬದುಗಳ ಪಕ್ಕ ಒಂದು ಕಾಲುದಾರಿ, ನಾಲ್ಕು ಬೋರ್ಡು, ಇವರ ಮನೆಯಲ್ಲೇ ಒಂದು ಊಟ, ಅದಕ್ಕೆ ಇವರ ಕೈಗೇ ದುಡ್ಡು. ರೆಸಾರ್ಟ್ ಬೇಡ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಇಬ್ಬರೂ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತೆವು.

"ಎಲ್ಲಿ ಹೋಗಿದ್ರೋ?" ಅಂದಳು ಅವ್ವ.

"ಗಡ್ಡಿಗೆ."

ಅವ್ವ ಹತ್ತಿರ ಬಂದು, ಮೊದಲು ನನ್ನ ಬಾಯಿ ಮೂಸಿದಳು.