ಸಾಲು ಹೇಳಿದರೆ ಸಾಲದು

ಶಿರಸಿಯ ಅಡಿಕೆ ವ್ಯಾಪಾರಿ ಒಬ್ಬರಿಗೆ ನಾನೊಂದು ಸಣ್ಣ ಲೆಕ್ಕದ ಭಾಷೆ, ಅಂದರೆ ಕಂಪ್ಯೂಟರಿಗೆ ಸೂತ್ರ ಬರೆದುಕೊಡುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆ, ಮಾಡಿಕೊಟ್ಟಿದ್ದೇನೆ. ರಾಶಿ, ಚಾಲಿ, ಬೆಟ್ಟೆ ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇಕಾದ ಸೂತ್ರ ಅವರೇ ಬರೆದುಕೊಳ್ಳುತ್ತಾರೆ. ಹೋದ ತಿಂಗಳು ಫೋನ್ ಬಂತು. ಪರದೆಯ ಮೇಲೆ "ಸೊನ್ನೆಯಿಂದ ಭಾಗಾಕಾರ, ಸಾಲು 1" ಅಂತ ಇದೆ, ಏನು ಮಾಡೋದು?

ಅವರ ಸೂತ್ರ ಇರುವುದೇ ಒಂದು ಸಾಲು:

ತೂಕ * ದರ / 100 - ಬಾಡಿಗೆ / ಚೀಲ - ಹಮಾಲಿ / ಜನ

ಮೂರು ಭಾಗಾಕಾರ ಇವೆ. ಯಾವುದು ಅಂತ ಹೇಳದ ಮೇಲೆ ಆ ಸಂದೇಶ ಇದ್ದೂ ಇಲ್ಲದ ಹಾಗೆ, ಅಲ್ವಾ?

ಇಂಟರ್‌ಪ್ರಿಟರ್, ಅಂದರೆ ಸೂತ್ರವನ್ನು ಓಡಿಸುವ ಪ್ರೋಗ್ರಾಮ್, ಓಡಿಸುವುದು ನಾವು ಬರೆದ ಅಕ್ಷರಗಳನ್ನಲ್ಲ, ಅದರಿಂದ ತಯಾರಾದ ಸಣ್ಣ ಸಣ್ಣ ಸೂಚನೆಗಳ ಸಾಲನ್ನು, ಅಂದರೆ ಬೈಟ್‌ಕೋಡನ್ನು. ತೂಕ ತಾ, ದರ ತಾ, ಗುಣಿಸು, 100 ತಾ, ಭಾಗಿಸು, ಹೀಗೆ. ತಪ್ಪಾದಾಗ ಅದಕ್ಕೆ ಗೊತ್ತಿರುವುದು "ನಾನು 8ನೇ ಸೂಚನೆಯಲ್ಲಿದ್ದೆ" ಅಂತ ಮಾತ್ರ. ಆ 8ನೆಯದು ಮೂಲ ಸೂತ್ರದಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಪಕ್ಕದಲ್ಲೊಂದು ಪಟ್ಟಿಯಲ್ಲಿ ಬರೆದಿಡಬೇಕು. ಲೆಕ್ಕ ಸರಿಯಾಗಿ ಓಡುವಾಗ ಆ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ವೇಗಕ್ಕೆ ಏಟಿಲ್ಲ. ಜಾಗ ಮಾತ್ರ ಜಾಸ್ತಿ ಬೇಕು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 3.11 ಆವೃತ್ತಿ ಇದನ್ನು 2022ರಲ್ಲಿ ತಂದಿತು. ಕಂಪೈಲ್ ಆದ, ಅಂದರೆ ಬೈಟ್‌ಕೋಡಿಗೆ ತಿರುಗಿಸಿಟ್ಟ, ಫೈಲುಗಳು ಸುಮಾರು 22% ದಪ್ಪಗಾದರೂ ಪರವಾಗಿಲ್ಲ ಅಂತ ಅದನ್ನು ಮಾಡುವವರು ಒಪ್ಪಿಕೊಂಡರು. ನನ್ನ ಪ್ರಕಾರ ಅದು ತುಂಬಾ ಒಳ್ಳೆಯ ತೀರ್ಮಾನ.

ನಾನು ನಿಜವಾಗಿ ಸಿಕ್ಕಿಬಿದ್ದದ್ದು ಫಂಕ್ಷನ್ ಕರೆಯಲ್ಲಿ, ಅಂದರೆ ಹೆಸರಿಟ್ಟ ಒಂದು ಲೆಕ್ಕವನ್ನು ಸೂತ್ರದ ನಡುವೆ ಕರೆದು ಬಳಸುವಲ್ಲಿ. ತೇವಕ್ಕೆ ಎಷ್ಟು ಮುರಿಯಬೇಕು ಅಂತ ಲೆಕ್ಕ ಹಾಕುವ ಫಂಕ್ಷನ್ ಒಳಗೆ ತಪ್ಪಾದರೆ, ಅದನ್ನು ಕರೆದ ಜಾಗ ತೋರಿಸುವ ಬದಲು ಅದರ ಮುಂದಿನ ಪದ ತೋರಿಸುತ್ತಿತ್ತು. ಒಂದು ಇಡೀ ಸಂಜೆ ಇದರಲ್ಲೇ ಹೋಯಿತು. ಕಾರಣ ಸರಳ: ಕರೆ ಮಾಡುವಾಗ ನೆನಪಿಟ್ಟುಕೊಳ್ಳುವುದು ವಾಪಸ್ ಬಂದು ಮುಂದುವರಿಯಬೇಕಾದ ಜಾಗವನ್ನು. ಅದು ಕರೆಯ ಆಚೆಗಿರುತ್ತದೆ. ಅದಕ್ಕೇ ಕರೆದವರ ಜಾಗ ಹುಡುಕುವಾಗ ಒಂದು ಬೈಟ್ ಕಳೆದು ಪಟ್ಟಿ ನೋಡಬೇಕು. ಸೂಚನೆಗಳ ಉದ್ದ ಬೇರೆ ಬೇರೆ ಇದ್ದರೆ ಆ ಒಂದು ಬೈಟ್ ಕಳೆದಾಗ ಕರೆಯ ನಡುವೆಯೇ ಬಂದು ನಿಲ್ಲುತ್ತೀರಿ. ಆಗ ಪಟ್ಟಿಯಲ್ಲಿ ಅದೇ ಅಂಕಿ ಸಿಗುವುದಿಲ್ಲ, ಅದಕ್ಕಿಂತ ಹಿಂದೆ ಶುರುವಾದ ಕೊನೆಯ ಸೂಚನೆಯನ್ನು ಹಿಡಿಯಬೇಕು.

ಭಾಷೆ ಎಷ್ಟೇ ಚಿಕ್ಕದಿರಲಿ, ಈ ಪಟ್ಟಿಯನ್ನು ಮೊದಲ ದಿನವೇ ಇಡಿ. "ಆಮೇಲೆ ಸೇರಿಸೋಣ" ಅಂತ ಬಿಟ್ಟರೆ ಪಾರ್ಸರ್ (ಬರೆದ ಸೂತ್ರವನ್ನು ಮೊದಲು ಓದಿ ಬಿಡಿಸುವ ಭಾಗ) ಅಷ್ಟರಲ್ಲಿ ಜಾಗದ ಗುರುತನ್ನೆಲ್ಲ ಎಸೆದುಬಿಟ್ಟಿರುತ್ತದೆ. ಆಗ ಅಲ್ಲಿಂದಲೇ ಮತ್ತೆ ಬರೆಯಬೇಕು. ನಾನು ಹಾಗೇ ಬರೆದೆ.

ಮೊನ್ನೆ ಅದೇ ತಪ್ಪು ಮತ್ತೆ ಬಂತಂತೆ. ಈ ಸಲ "ಬಾಡಿಗೆ / ಚೀಲ" ಅನ್ನುವುದರ ಕೆಳಗೆ ಮಾತ್ರ ಗೆರೆ ಇತ್ತು. ಅವರು ಫೋನ್ ಮಾಡಿದ್ದು ಇಷ್ಟು ಹೇಳೋಕೆ: "ಚೀಲದ ಖಾನೆ ಖಾಲಿ ಬಿಟ್ಟಿದ್ದೆ ಮಾರಾಯಾ, ತುಂಬಿದೆ, ಸರಿಯಾಯ್ತು."