ಪುಸ್ತಕದ ದನಿ ತೆರೆಯ ಮೇಲೆ ಎಲ್ಲಿ ಹೋಗುತ್ತದೆ?

ಕಾದಂಬರಿ ಸಿನಿಮಾ ಆದಾಗಲೆಲ್ಲ ಏಳುವ ತಕರಾರು ಒಂದೇ: ಆ ಪ್ರಸಂಗ ಬಿಟ್ಟರು, ಈ ಪಾತ್ರ ತೆಗೆದರು. ನನಗೆ ಇದು ಒಪ್ಪಿಗೆಯಿಲ್ಲ. ತೆಗೆಯದೆ ಗತಿಯಿಲ್ಲ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಆ ಕಸುಬಿನವರ ಲೆಕ್ಕ. ಎರಡೂವರೆ ತಾಸಿಗೆ 150 ಪುಟ, ಅದೂ ಬರೀ ಮಾತು ಮತ್ತು ನಡೆ. ಕಲ್ಕಿಯವರ ಐದು ಭಾಗಗಳ ತಮಿಳು ಕಾದಂಬರಿ ‘ಪೊನ್ನಿಯಿನ್ ಸೆಲ್ವನ್’ ಅನ್ನು ಮಣಿರತ್ನಂ 2022 ಮತ್ತು 2023ರಲ್ಲಿ ಎರಡು ಸಿನಿಮಾ ಮಾಡಿದರು. ಎರಡೂ ಕೂಡಿ ಸುಮಾರು ಐದೂವರೆ ತಾಸು. ಅಷ್ಟು ಹೊತ್ತು ಸಿಕ್ಕರೂ ಕಾದಂಬರಿಯ ಮಣಿಮೇಕಲೈ ಪಾತ್ರಕ್ಕೆ ಜಾಗ ಸಿಗಲಿಲ್ಲ. ಅದಕ್ಕೆ ನಾನು ಬೈಯುವುದಿಲ್ಲ.

ನಾನು ನೋಡುವುದು ಬೇರೆ. ಪುಸ್ತಕದಲ್ಲಿ ಕಥೆ ಹೇಳುತ್ತಿದ್ದ ದನಿ ಯಾರದು? ಸಿನಿಮಾದಲ್ಲಿ ಆ ದನಿಯ ಕೆಲಸವನ್ನು ಯಾವುದು ಹೊತ್ತಿದೆ?

2024ರ ಮಲಯಾಳಂ ಸಿನಿಮಾ ‘ಆಡುಜೀವಿತಂ’ ತಗೊಳ್ಳಿ. ಬೆನ್ಯಾಮಿನ್ ಅವರ ಕಾದಂಬರಿಯಲ್ಲಿ ನಜೀಬನೇ ‘ನಾನು’ ಎಂದು ಹೇಳುತ್ತ ಹೋಗುತ್ತಾನೆ. ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಅವನು ಮಾತಾಡುವುದಾದರೂ ಯಾರ ಜೋಡಿ? ಅರಬ್ಬಿ ಬರುವುದಿಲ್ಲ, ಮಲಯಾಳಂ ಬಲ್ಲವರು ಹತ್ತಿರ ಇಲ್ಲ. ಇಂಥಲ್ಲಿ ಹೆಚ್ಚಿನ ನಿರ್ದೇಶಕರು ಹಿನ್ನೆಲೆ ದನಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದರ ನಿರ್ದೇಶಕ ಬ್ಲೆಸ್ಸಿ ಆ ಭಾರವನ್ನು ನೀರಿನ ಮೇಲೆ ಹಾಕಿದರು. ಊರಲ್ಲಿ ನಜೀಬ ಹೊಳೆಯ ಉಸುಕು ತೆಗೆಯುವವನು. ಇಲ್ಲಿ ಬರೀ ಉಸುಕು, ನೀರಿಲ್ಲ. ಬಾಯಾರಿದ ಮುಖದಿಂದ ಹೊಳೆಗೆ ದೃಶ್ಯ ಜಿಗಿದಾಗ ಅವನ ಮನಸ್ಸು ತಾನಾಗಿ ಮಾತಾಡುತ್ತದೆ. ಊರಿನ ಪ್ರಣಯದ ಹಾಡು ಬಂದಲ್ಲಿ ಮಾತ್ರ ಬಿಗಿ ಸಡಿಲಾಯಿತು.

ಸಣ್ಣಕಥೆಯದು ಉಲ್ಟಾ ಪೇಚು. ತೇಜಸ್ವಿಯವರ ‘ಡೇರ್ ಡೆವಿಲ್ ಮುಸ್ತಾಫಾ’ ಒಂದೇ ಕೂತಲ್ಲಿ ಓದಿ ಮುಗಿಯುತ್ತದೆ. ಅದನ್ನು ಪೂರಾ ಸಿನಿಮಾದಷ್ಟು ಬೆಳೆಸಬೇಕು. 2023ರಲ್ಲಿ ನಿರ್ದೇಶಕ ಶಶಾಂಕ್ ಸೋಗಾಲ್ ಹೊರಗಿನಿಂದ ಖಳನಾಯಕನನ್ನು ತಂದು ತುಂಬಿಸಲಿಲ್ಲ. ಕಾಲೇಜಿಗೆ ಹೊಸದಾಗಿ ಬಂದ ಮುಸ್ತಾಫಾನ ಬಗ್ಗೆ ಹುಡುಗರ ಅಂಜಿಕೆ, ಗಾಳಿಮಾತು, ಪೈಪೋಟಿಯನ್ನೇ ಹಿಗ್ಗಿಸಿದರು. ಕ್ರಿಕೆಟ್ ಪಂದ್ಯ ಅಷ್ಟು ಉದ್ದಕ್ಕೆ ಬಂದರೂ ಅದು ಆ ಅಂಜಿಕೆಯದೇ ಮುಂದುವರಿಕೆ ಅನ್ನಿಸುತ್ತದೆ. ‘ಮೂಕಜ್ಜಿಯ ಕನಸುಗಳು’ (2019) ನನಗೆ ಅಷ್ಟು ಹಿಡಿಸಲಿಲ್ಲ. ಹಿಂದಿನ ಕಾಲದ್ದನ್ನು ಅಜ್ಜಿ ಮನಸ್ಸಿನಲ್ಲಿ ಕಾಣುವುದನ್ನು ಕಾರಂತರ ಓದುಗ ತನ್ನ ತಲೆಯಲ್ಲಿ ಕಟ್ಟಿಕೊಳ್ಳುತ್ತಾನೆ; ತೆರೆಯ ಮೇಲೆ ಅದನ್ನು ವೇಷ ಹಾಕಿ ತೋರಿಸಿದರೆ ಸಣ್ಣದಾಗುತ್ತದೆ, ತೋರಿಸದಿದ್ದರೆ ಬರೀ ಮಾತಾಗುತ್ತದೆ. ಅಜ್ಜಿಯಾದ ಬಿ. ಜಯಶ್ರೀಯವರ ಕಣ್ಣು ಮತ್ತು ದನಿ ಸಿನಿಮಾವನ್ನು ಹಿಡಿದು ನಿಲ್ಲಿಸಿವೆ.

ಪುಸ್ತಕಕ್ಕೆ ಆಗದ್ದನ್ನು ಸಿನಿಮಾ ಮಾಡುವುದೂ ಉಂಟು. ಅದಕ್ಕೆ ನಮ್ಮ ಬೀಳಗಿಯ ‘ಸನಾದಿ ಅಪ್ಪಣ್ಣ’ (1977) ಇವತ್ತಿಗೂ ನನ್ನ ಅಳತೆಗೋಲು. ಕಾದಂಬರಿ ಬರೆದ ಕೃಷ್ಣಮೂರ್ತಿ ಪುರಾಣಿಕರು ಅಪ್ಪಣ್ಣ ಸನಾದಿ (ಶಹನಾಯಿ) ಊದಿದ ಎಂದು ಬರೆಯಬಹುದಿತ್ತು, ಊದಿ ಕೇಳಿಸಲು ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬಿಸ್ಮಿಲ್ಲಾ ಖಾನರ ಉಸಿರು ಸಿಕ್ಕಿತು.

ಈಗ ನನಗೆ ಭಾಳ ನೋವಾಗುವ ಮಾತಿಗೆ ಬರುತ್ತೇನೆ. ಉತ್ತರ ಕರ್ನಾಟಕದ ಕಥೆ ತೆರೆಗೆ ಬಂದರೆ ಮೊದಲು ಸಾಯುವುದು ಭಾಷೆ. ಪ್ರತಿ ಮಾತಿನ ಬಾಲಕ್ಕೆ ಒಂದು ‘ರೀ’ ಅಂಟಿಸಿದರೆ ಬಾಗಲಕೋಟೆ ಆಯಿತು ಎಂದುಕೊಳ್ಳುತ್ತಾರೆ. ‘ರೀ’ ಮರ್ಯಾದೆಯ ಗುರುತು. ಸಣ್ಣ ಹುಡುಗನಿಗೆ ಯಾರೂ ‘ಬರ್ರಿ’ ಅನ್ನುವುದಿಲ್ಲ, ‘ಬಾರಲೇ’ ಅನ್ನುತ್ತಾರೆ. ಅವ್ವನಿಗೆ ‘ಬಾ ಬೇ ಯವ್ವಾ’. ಮನೆ ‘ಮನಿ’ ಆಗುತ್ತದೆ, ಮನೆಯಲ್ಲಿ ‘ಮನ್ಯಾಗ’, ಕೆಲಸಕ್ಕೆ ‘ಕೆಲಸಕ್ಕ’. ಕೊನೆಯ ಎ-ಕಾರ ಎಲ್ಲ ಕಡೆ ಒಂದೇ ಥರ ಬದಲಾಗುವುದಿಲ್ಲ. ಗೊತ್ತಿಲ್ಲದ ನಟ ಎಲ್ಲವನ್ನೂ ಅ-ಕಾರ ಮಾಡಿ ‘ಮನ’ ಅಂದುಬಿಡುತ್ತಾನೆ. ‘ಇದೆ’ ಎನ್ನಲು ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಹೆಚ್ಚಾಗಿ ‘ಐತಿ’, ವಿಜಯಪುರದ ಕಡೆ ‘ಅದ’. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಹಿಂಗ, ಒಬ್ಬ ಹಂಗ ಅಂದರೆ ಕಿವಿಗೆ ಹರಳು ಸಿಕ್ಕಂತಾಗುತ್ತದೆ.

ಇದು ಬರೀ ಉಚ್ಚಾರದ ಮಾತಲ್ಲ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ಗದ್ಯದಲ್ಲಿ ಕಥೆ ನಡೆಯುವುದೇ ಈ ಮಾತಿನ ಲಯದಲ್ಲಿ. ಲಯ ಬಿಟ್ಟು ಬರೀ ಘಟನೆ ಎತ್ತಿಕೊಂಡರೆ ಕೈಗೆ ಸಿಗುವುದು ಸಾರಾಂಶ. ವೈದೇಹಿಯವರ ಕಥೆಗಳಿಂದ ಚಂಪಾ ಶೆಟ್ಟಿ ಮಾಡಿದ ‘ಅಮ್ಮಚ್ಚಿಯೆಂಬ ನೆನಪು’ (2018) ಕುಂದಾಪುರದ ಕನ್ನಡವನ್ನು ಹಾಗೆಯೇ ಇಟ್ಟುಕೊಂಡಿತು. ನಮ್ಮ ಕಡೆಯವರಿಗೆ ಒಂದಷ್ಟು ಪದ ಜಾರಿಹೋದರೂ ಮನೆಯೊಳಗಿನ ಹೆಣ್ಣುಮಕ್ಕಳ ಸಂಕಟ ಜಾರಲಿಲ್ಲ. ಅದೇ ನಂಬಿಕೆಯನ್ನು ನಮ್ಮ ಮಾತಿನ ಮೇಲೂ ಇಡಲಿ.

ಡಬ್ಬಿಂಗ್‌ನಲ್ಲಿ ಸರಿ ಮಾಡಿದರಾಯಿತು ಎನ್ನುವವರಿಗೆ ಒಂದು ಲೆಕ್ಕ. ‘ಮನೆಯಲ್ಲಿ’ ನಾಲ್ಕು ಅಕ್ಷರ, ‘ಮನ್ಯಾಗ’ ಮೂರು. ನಟ ನಾಲ್ಕಕ್ಕೆ ತುಟಿ ಆಡಿಸಿದ್ದರೆ ಆಮೇಲೆ ಮೂರು ಕೂಡಿಸಲು ಬರುವುದಿಲ್ಲ. ಎಳೆಯಬೇಕು, ಇಲ್ಲ ನಡುವೆ ಇನ್ನೊಂದು ‘ರೀ’ ತುರುಕಬೇಕು. ಆದ್ದರಿಂದ ಸಂಭಾಷಣೆ ಬರೆಯುವಾಗಲೇ ಈ ಕಡೆಯವರು ಪಕ್ಕದಲ್ಲಿ ಕೂತಿರಬೇಕು. ಕ್ಯಾಮೆರಾ ಹಚ್ಚುವ ಮೊದಲು ನಟರು ಅವರೆದುರು ಪೂರ್ತಿ ಓದಿ ತೋರಿಸಬೇಕು.